ರೋಮ್‌ನಿಂದಲೇ ಕಪ್ಪ ವಸೂಲಿ ಮಾಡಿದ ರಾಜ: ಡೇಸಿಯಾದ ಡೆಸೆಬಾಲಸ್

2025ರ ಜನವರಿ 25. ಇನ್ನೂ ಬೆಳಕು ಹರಿದಿರಲಿಲ್ಲ. ನೆದರ್ಲೆಂಡ್ಸ್‌ನ ಅಸೆನ್ ಎಂಬ ಊರಿನಲ್ಲಿ ಡ್ರೆಂಟ್ಸ್ ಮ್ಯೂಸಿಯಂನ ಬಾಗಿಲನ್ನು ಕಳ್ಳರು ಸಿಡಿಮದ್ದು ಇಟ್ಟು ಒಡೆದರು. ಒಳಗಿನಿಂದ ಹೊತ್ತುಕೊಂಡು ಹೋದದ್ದು ನಾಲ್ಕೇ ವಸ್ತು. ಒಂದು ಚಿನ್ನದ ಶಿರಸ್ತ್ರಾಣ, ಮೂರು ಚಿನ್ನದ ಕಡಗ. ರೊಮೇನಿಯಾ ದೇಶ ಪ್ರದರ್ಶನಕ್ಕೆಂದು ಕಳಿಸಿಕೊಟ್ಟಿದ್ದ ಒಡವೆಗಳವು.

ಸುದ್ದಿಯಲ್ಲಿ ಮತ್ತೆ ಮತ್ತೆ ಬಂದ ಹೆಸರು 'ಡೇಸಿಯನ್ನರು'. ನಮ್ಮಲ್ಲಿ ಬಹಳ ಜನ ಈ ಹೆಸರನ್ನು ಮೊದಲ ಸಲ ಕೇಳಿದ್ದು ಆಗಲೇ ಇರಬೇಕು. ಶಾಲೆಯ ಪಾಠದಲ್ಲಿ ರೋಮ್ ಬರುತ್ತದೆ, ಜೂಲಿಯಸ್ ಸೀಸರ್ ಬರುತ್ತಾನೆ, ಡೇಸಿಯಾ ಬರುವುದಿಲ್ಲ. ಕದ್ದ ಶಿರಸ್ತ್ರಾಣ ನಾನು ಹೇಳಹೊರಟ ಕಥೆಗಿಂತ ಐದು ಶತಮಾನ ಹಳೆಯದು. ಕಡಗಗಳು ಮಾತ್ರ ಈ ಕಥೆಯ ರಾಜಧಾನಿಯ ಸುತ್ತಲಿನ ಕಾಡಿನವು. ಅವನ್ನು ಮೊದಲು ನೆಲದಿಂದ ಅಗೆದು ತೆಗೆದವರೂ ನಿಧಿಗಳ್ಳರೇ. ಸರ್ಕಾರ ಹುಡುಕಿ ವಾಪಸ್ ತಂದಿತ್ತು. ಅಂದರೆ ಅಸೆನ್‌ನಲ್ಲಿ ಅವು ಎರಡನೇ ಸಲ ಕಳುವಾದವು.

ಆ ರಾಜಧಾನಿಯಲ್ಲಿ ಕೂತು ರೋಮ್ ಜೊತೆ ಇಪ್ಪತ್ತು ವರ್ಷ ಸೆಣಸಿದವನು ಡೆಸೆಬಾಲಸ್.

## ಡೇಸಿಯಾ ಎಲ್ಲಿತ್ತು?

ಇವತ್ತಿನ ರೊಮೇನಿಯಾವನ್ನು ನಕ್ಷೆಯಲ್ಲಿ ನೋಡಿ. ಕೆಳಗೆ ಡ್ಯಾನ್ಯೂಬ್ ನದಿ. ಮಧ್ಯದಲ್ಲಿ ಕುಡುಗೋಲಿನ ಹಾಗೆ ಬಾಗಿದ ಕಾರ್ಪೇಥಿಯನ್ ಬೆಟ್ಟಸಾಲು. ಆ ಬಾಗಿನ ಒಳಗಿನ ಎತ್ತರದ ಸೀಮೆ, ಅದರ ಸುತ್ತಮುತ್ತಲಿನ ನೆಲ, ಇದೇ ಡೇಸಿಯಾ. ನದಿಯ ದಕ್ಷಿಣದ ದಡ ರೋಮನ್ನರದು, ಉತ್ತರದ ದಡ ಡೇಸಿಯನ್ನರದು.

ರಾಜಧಾನಿಯ ಹೆಸರು ಸರ್ಮಿಜೆಗೆಟೂಸ. ಹೇಳುವಾಗ ನಾಲಿಗೆ ತೊಡರುತ್ತದೆ, ಅಲ್ವಾ? ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ, ದಟ್ಟ ಕಾಡಿನ ನಡುವೆ, ಬೆಟ್ಟದ ಮಗ್ಗುಲನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕಟ್ಟಿದ ಊರು. ಸುತ್ತಲಿನ ಬೆಟ್ಟಗಳ ಮೇಲೆ ಕಾವಲು ಕೋಟೆಗಳಿದ್ದವು. ಗೋಡೆ ಕಟ್ಟುವ ರೀತಿಯೂ ಅವರದೇ. ಎರಡು ಕಡೆ ಕೆತ್ತಿದ ಕಲ್ಲು, ನಡುವೆ ಮಣ್ಣು ಮತ್ತು ಕಲ್ಲುಚೂರು, ಎರಡೂ ಕಡೆಯನ್ನು ಹಿಡಿದಿಡಲು ಅಡ್ಡಡ್ಡ ಮರದ ತೊಲೆ. 1999ರಲ್ಲಿ ಈ ಕೋಟೆಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಇನ್ನೊಂದು ಸಂಗತಿ, ಕಥೆಯ ಬೇರೇ ಅದು: ಈ ಬೆಟ್ಟಗಳಲ್ಲಿ ಚಿನ್ನವಿತ್ತು, ಬೆಳ್ಳಿಯಿತ್ತು.

ಡೇಸಿಯನ್ನರು ಹಲವು ಪಂಗಡಗಳಾಗಿ ಬದುಕುತ್ತಿದ್ದರು. ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಬುರೆಬಿಸ್ಟ ಎಂಬ ರಾಜ ಅವರನ್ನು ಒಂದು ಮಾಡಿದ. ಅವನ ಮೇಲೆ ದಂಡೆತ್ತಿ ಹೋಗಬೇಕೆಂದು ಜೂಲಿಯಸ್ ಸೀಸರ್ ಸಿದ್ಧತೆ ನಡೆಸಿದ್ದ. ಕ್ರಿ.ಪೂ. 44ರಲ್ಲಿ ಸೀಸರ್ ಕೊಲೆಯಾದ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬುರೆಬಿಸ್ಟನೂ ತನ್ನವರ ಕೈಯಲ್ಲೇ ಸತ್ತ. ರಾಜ್ಯ ಮತ್ತೆ ಹೋಳಾಯಿತು. ಅದನ್ನು ಮತ್ತೆ ಜೋಡಿಸಿ ಗಟ್ಟಿ ಮಾಡಲು ನೂರಕ್ಕೂ ಜಾಸ್ತಿ ವರ್ಷ ಬೇಕಾಯಿತು.

## ಸಾಮಂತನೋ, ಪ್ರಾಂತ್ಯವೋ?

ಮುಂದೆ ಹೋಗುವ ಮೊದಲು ರೋಮ್‌ನ ಪದ್ಧತಿ ಸ್ವಲ್ಪ ತಿಳಿದಿರಬೇಕು. ಗಡಿಯಾಚೆಯ ರಾಜರ ಜೊತೆ ರೋಮ್ ಎರಡು ರೀತಿ ನಡೆದುಕೊಳ್ಳುತ್ತಿತ್ತು. ಒಂದು, ರಾಜನನ್ನು ಹಾಗೇ ಉಳಿಸಿ ತನ್ನ ಸಾಮಂತನನ್ನಾಗಿ ಮಾಡಿಕೊಳ್ಳುವುದು. ನಮ್ಮ ಇತಿಹಾಸ ಓದಿದವರಿಗೆ ಇದು ಹೊಸದಲ್ಲ. ನಿನ್ನ ಊರು ನೀನೇ ಆಳಿಕೋ, ಆದರೆ ಪಟ್ಟ ಕಟ್ಟುವವನು ನಾನು, ನನ್ನ ಶತ್ರು ನಿನಗೂ ಶತ್ರು. ಇನ್ನೊಂದು, ರಾಜನನ್ನು ತೆಗೆದುಹಾಕಿ ಆ ನಾಡನ್ನು ಪ್ರಾಂತ್ಯ ಮಾಡುವುದು. ಆಗ ರೋಮ್‌ನ ಅಧಿಕಾರಿ ಬರುತ್ತಾನೆ, ತೆರಿಗೆ ಬರುತ್ತದೆ, ಲೀಜನ್ ಬಂದು ಬೀಡು ಬಿಡುತ್ತದೆ. ಲೀಜನ್ ಅಂದರೆ ಸುಮಾರು 5,000 ಕಾಲಾಳುಗಳ ದಳ. ರೋಮ್ ಸೇನೆಯ ಬೆನ್ನೆಲುಬು.

ಮೊದಲನೆಯದು ಅಗ್ಗ. ಎರಡನೆಯದು ದುಬಾರಿ, ಆದರೆ ಗಣಿ ಕೈಗೆ ಸಿಗುತ್ತದೆ.

## ಸೋಲಿನಲ್ಲೂ ಲಾಭ ತೆಗೆದವನು

ಕ್ರಿ.ಶ. 85-86ರಲ್ಲಿ ಡೇಸಿಯನ್ನರು ಡ್ಯಾನ್ಯೂಬ್ ದಾಟಿ ರೋಮ್‌ನ ಮೀಸಿಯಾ ಪ್ರಾಂತ್ಯಕ್ಕೆ ನುಗ್ಗಿದರು. ಅಲ್ಲಿನ ಪ್ರಾಂತ್ಯಾಧಿಕಾರಿ ಒಪ್ಪಿಯಸ್ ಸಬೈನಸ್‌ನನ್ನು ಕೊಂದರು. ಆಗ ಚಕ್ರವರ್ತಿಯಾಗಿದ್ದವನು ಡೊಮಿಷಿಯನ್. ಸೇನೆ ಹೊರಡಿಸಿದ.

ಈ ಹೊತ್ತಿನಲ್ಲಿ ಡೇಸಿಯಾದ ವಯಸ್ಸಾದ ರಾಜ ಡೂರಸ್, ತಾನಾಗಿಯೇ ಪಟ್ಟ ಬಿಟ್ಟು ಡೆಸೆಬಾಲಸ್‌ಗೆ ಒಪ್ಪಿಸಿದ. ಯಾಕೆಂದು ಕ್ಯಾಸಿಯಸ್ ಡಿಯೋ ಎಂಬ ಇತಿಹಾಸಕಾರ ಹೇಳುತ್ತಾನೆ. ಯಾವಾಗ ಮೇಲೆ ಬೀಳಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದು ಡೆಸೆಬಾಲಸ್‌ಗೆ ಗೊತ್ತಿತ್ತಂತೆ. ಹೊಂಚು ಹಾಕುವುದರಲ್ಲಿ ಗಟ್ಟಿಗ, ಬಯಲಿನ ಯುದ್ಧದಲ್ಲೂ ಗಟ್ಟಿಗ. ಗೆಲುವನ್ನು ಬಳಸಿಕೊಳ್ಳುವುದು ಮಾತ್ರವಲ್ಲ, ಸೋಲನ್ನು ನಿಭಾಯಿಸುವುದೂ ಅವನಿಗೆ ಬರುತ್ತಿತ್ತು. ಈ ಕೊನೆಯ ಮಾತು ನೆನಪಿರಲಿ. ಡೆಸೆಬಾಲಸ್‌ನನ್ನು ಅರ್ಥ ಮಾಡಿಕೊಳ್ಳಲು ಅವನ ಗೆಲುವುಗಳಿಗಿಂತ ಸೋಲುಗಳನ್ನು ನೋಡುವುದೇ ಒಳ್ಳೆಯದು.

ಪಟ್ಟಕ್ಕೆ ಬಂದವನು ರೋಮ್‌ಗೆ ಒಂದು ಸಂದೇಶ ಕಳಿಸಿದ. ಪ್ರತಿಯೊಬ್ಬ ರೋಮನ್ ವರ್ಷಕ್ಕೆ ಎರಡು ಓಬೊಲ್ ಕೊಟ್ಟರೆ ಯುದ್ಧ ನಿಲ್ಲಿಸುತ್ತೇನೆ ಎಂದು. ಓಬೊಲ್ ಅಂದರೆ ಚಿಲ್ಲರೆ ಕಾಸು. ಕೇಳಿದ್ದು ಹಣಕ್ಕಲ್ಲ, ಕೆಣಕುವುದಕ್ಕೆ. ರೋಮ್ ಕೆರಳಿತು. ಚಕ್ರವರ್ತಿಯ ಅಂಗರಕ್ಷಕ ದಳದ ಮುಖ್ಯಸ್ಥ ಕಾರ್ನೆಲಿಯಸ್ ಫಸ್ಕಸ್ ಸೇನೆಯೊಂದಿಗೆ ನದಿ ದಾಟಿದ. ಡೇಸಿಯನ್ನರು ಅವನ ಸೇನೆಯನ್ನು ಧೂಳೀಪಟ ಮಾಡಿದರು. ಫಸ್ಕಸ್ ಸತ್ತ. ಬಾವುಟ, ಕೋಟೆ ಒಡೆಯುವ ಯಂತ್ರಗಳು ಡೇಸಿಯನ್ನರ ಪಾಲಾದವು.

88ರಲ್ಲಿ ಮತ್ತೊಂದು ಸೇನೆ ಬಂತು. ಸೇನಾಪತಿ ಟೆಟಿಯಸ್ ಜೂಲಿಯಾನಸ್. ರಾಜಧಾನಿಗೆ ಹೋಗುವ ದಾರಿಯಲ್ಲಿ ಟಾಪೆ ಎಂಬ ಕಣಿವೆಯಿದೆ. ಅಲ್ಲಿ ಈ ಸಲ ಸೋತವನು ಡೆಸೆಬಾಲಸ್. ರೋಮನ್ನರು ನೇರ ರಾಜಧಾನಿಗೇ ಬಂದುಬಿಡುತ್ತಾರೆ ಎಂಬ ಭಯ. ಆಗ ಅವನು ಮರಗಳನ್ನು ಕಡಿಸಿ, ಉಳಿದ ಬೊಡ್ಡೆಗಳಿಗೆ ಯುದ್ಧಕವಚ ತೊಡಿಸಿದನಂತೆ. ದೂರದಿಂದ ನೋಡಿದ ರೋಮನ್ನರು ಇನ್ನೊಂದು ಸೇನೆ ಕಾದು ನಿಂತಿದೆ ಎಂದುಕೊಂಡು ಹಿಂದೆ ಸರಿದರು. ಹೊಲದಲ್ಲಿ ಬೆರ್ಚಪ್ಪ ನಿಲ್ಲಿಸಿ ಹಕ್ಕಿ ಓಡಿಸುತ್ತೇವಲ್ಲ, ಅದೇ ಉಪಾಯ. ಡಿಯೋ ಇದನ್ನು ಬರೆದದ್ದು ನೂರಕ್ಕೂ ಹೆಚ್ಚು ವರ್ಷದ ಮೇಲೆ. ಹಾಗಾಗಿ ಕಥೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು.

ಇಷ್ಟರಲ್ಲಿ ಡೊಮಿಷಿಯನ್ ಬೇರೆ ಗಡಿಯಲ್ಲಿ ಜರ್ಮನ್ ಪಂಗಡಗಳ ಕೈಯಲ್ಲಿ ಏಟು ತಿಂದ. ಎರಡು ಕಡೆ ಯುದ್ಧ ಬೇಡವೆಂದು 89ರಲ್ಲಿ ಡೆಸೆಬಾಲಸ್ ಜೊತೆ ರಾಜಿ ಮಾಡಿಕೊಂಡ.

ರಾಜಿಯ ಷರತ್ತುಗಳು ಮಜವಾಗಿವೆ. ಕಾಗದದ ಮೇಲೆ ಡೆಸೆಬಾಲಸ್ ರೋಮ್‌ನ ಸಾಮಂತ. ಚಕ್ರವರ್ತಿ ಅವನಿಗೆ ಕಿರೀಟ ತೊಡಿಸಬೇಕು. ಆದರೆ ಡೆಸೆಬಾಲಸ್ ಬರಲೇ ಇಲ್ಲ, ಡೀಗಿಸ್ ಎಂಬವನನ್ನು ಕಳಿಸಿದ. ಡೊಮಿಷಿಯನ್ ಅವನ ತಲೆಗೇ ಕಿರೀಟ ಇಟ್ಟ. ಇನ್ನು ಕೊಡುವ ತೆಗೆದುಕೊಳ್ಳುವ ಲೆಕ್ಕಕ್ಕೆ ಬಂದರೆ ಸಾಮಂತ ಕಪ್ಪ ಕೊಡಬೇಕಲ್ಲವೇ? ಇಲ್ಲಿ ರೋಮ್ ಅವನಿಗೆ ವರ್ಷವರ್ಷ ಹಣ ಕೊಡಲು ಒಪ್ಪಿತು. ಜೊತೆಗೆ ಕುಶಲಕರ್ಮಿಗಳನ್ನೂ ಕೊಟ್ಟಿತು. ಊರು ಕಟ್ಟುವವರು, ಯುದ್ಧಯಂತ್ರ ಮಾಡುವವರು, ಎರಡೂ ಬಗೆಯವರು.

ಇದು ಸೋತವನಿಗೆ ಸಿಕ್ಕ ಪಾಲು. ಹಣ ಖರ್ಚಾಗಿ ಹೋಗುತ್ತದೆ, ಕೆಲಸಗಾರರ ವಿದ್ಯೆ ಹಾಗಲ್ಲ. ಮುಂದಿನ ಹತ್ತು ಹನ್ನೆರಡು ವರ್ಷ ಡೆಸೆಬಾಲಸ್ ಕೋಟೆ ಗಟ್ಟಿ ಮಾಡಿದ, ರೋಮನ್ ಮಾದರಿಯ ಯಂತ್ರ ಮಾಡಿಸಿದ, ರೋಮ್ ಸೇನೆ ಬಿಟ್ಟು ಓಡಿಬಂದ ಸೈನಿಕರಿಗೆ ಕೆಲಸ ಕೊಟ್ಟ. ರೋಮ್‌ನ ದುಡ್ಡಲ್ಲಿ, ರೋಮ್‌ನ ಜನರಿಂದ, ರೋಮ್ ವಿರುದ್ಧವೇ ತಯಾರಿ.

## ಟ್ರೇಜನ್ ಬಂದ, ಕುಡುಗೋಲೂ ಬಂತು

98ರಲ್ಲಿ ಟ್ರೇಜನ್ ಚಕ್ರವರ್ತಿಯಾದ. ಸೈನಿಕನಾಗಿಯೇ ಬೆಳೆದವನು. ವರ್ಷವರ್ಷ ಡೆಸೆಬಾಲಸ್‌ಗೆ ಹೋಗುತ್ತಿದ್ದ ಹಣ ಅವನಿಗೆ ಗಂಟಲಲ್ಲಿ ಮುಳ್ಳಾಗಿತ್ತು. 101ರಲ್ಲಿ ದೊಡ್ಡ ಸೇನೆಯೊಂದಿಗೆ ಡ್ಯಾನ್ಯೂಬ್ ದಾಟಿದ.

ಟಾಪೆ ಹತ್ತಿರ ಬಂದಾಗ ಒಂದು ವಿಚಿತ್ರ ಪತ್ರ ಕೈಗೆ ಸಿಕ್ಕಿತು ಎನ್ನುತ್ತಾನೆ ಡಿಯೋ. ದೊಡ್ಡ ಅಣಬೆಯೊಂದರ ಮೇಲೆ ಲ್ಯಾಟಿನ್‌ನಲ್ಲಿ ಬರೆದದ್ದು. ಬೂರಿ ಎಂಬ ಪಂಗಡದವರು ಮತ್ತು ಇತರರು, ಹಿಂದಕ್ಕೆ ಹೋಗಿ, ಶಾಂತಿ ಕಾಪಾಡಿ ಎಂದು ಬುದ್ಧಿ ಹೇಳಿದ್ದರು. ಟ್ರೇಜನ್ ಮುಂದಕ್ಕೇ ಹೋದ. ಯುದ್ಧ ಎಷ್ಟು ಭೀಕರವಾಗಿತ್ತೆಂದರೆ ಗಾಯಕ್ಕೆ ಕಟ್ಟುವ ಬಟ್ಟೆ ಮುಗಿದು, ಚಕ್ರವರ್ತಿ ತನ್ನ ಉಡುಪನ್ನೇ ಹರಿದು ಕೊಟ್ಟನಂತೆ.

ಡೇಸಿಯನ್ನರ ಒಂದು ಆಯುಧದ ಬಗ್ಗೆ ಇಲ್ಲಿ ಹೇಳಲೇಬೇಕು. ಅದರ ಹೆಸರು ಫಾಲ್ಕ್ಸ್. ನಮ್ಮ ಕುಡುಗೋಲನ್ನು ಉದ್ದ ಹಿಡಿಗೆ ಸಿಕ್ಕಿಸಿ ಎರಡೂ ಕೈಯಲ್ಲಿ ಬೀಸುವುದನ್ನು ಊಹಿಸಿಕೊಳ್ಳಿ. ಬಾಗಿದ ಅಲಗಿನ ಒಳಬದಿ ಹರಿತ. ಗುರಾಣಿಯ ಅಂಚಿನ ಮೇಲಿಂದ ಬಂದು ತಲೆಗೋ ತೋಳಿಗೋ ಬಡಿಯುತ್ತಿತ್ತು. ರೋಮನ್ನರು ಶಿರಸ್ತ್ರಾಣದ ಮೇಲೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬೆಸೆದುಕೊಂಡರು. ಬಲತೋಳಿಗೆ ಲೋಹದ ತೋಳುಗವಚ ಹಾಕಿಕೊಂಡರು. ಆ ಕಾಲದ ಅತಿ ಶಿಸ್ತಿನ ಸೇನೆ ತನ್ನ ಉಡುಪನ್ನೇ ಬದಲಿಸಿಕೊಳ್ಳಬೇಕಾಯಿತು ಅಂದಮೇಲೆ ಆ ಕುಡುಗೋಲಿನ ಏಟು ಹೇಗಿದ್ದಿರಬೇಕು!

102ರಲ್ಲಿ ಒಂದೊಂದೇ ಬೆಟ್ಟದ ಕೋಟೆ ರೋಮನ್ನರ ಕೈಸೇರತೊಡಗಿತು. ಫಸ್ಕಸ್ ಕಳೆದುಕೊಂಡಿದ್ದ ಯಂತ್ರಗಳು, ಬಾವುಟ ವಾಪಸ್ ಸಿಕ್ಕವು. ಡೆಸೆಬಾಲಸ್ ಟ್ರೇಜನ್ ಮುಂದೆ ಬಂದು ಆಯುಧ ಎಸೆದು ಅಡ್ಡಬಿದ್ದ. ಈ ಸಲದ ಷರತ್ತುಗಳನ್ನು 89ರವುಗಳ ಪಕ್ಕ ಇಟ್ಟು ನೋಡಿ. ಯಂತ್ರಗಳನ್ನು ಒಪ್ಪಿಸಬೇಕು, ಮಾಡುವವರನ್ನೂ ಒಪ್ಪಿಸಬೇಕು. ಓಡಿಬಂದ ರೋಮನ್ ಸೈನಿಕರನ್ನು ವಾಪಸ್ ಕೊಡಬೇಕು, ಇನ್ನು ಮುಂದೆ ಒಬ್ಬನನ್ನೂ ಸೇರಿಸಿಕೊಳ್ಳಬಾರದು. ಕೋಟೆ ಕೆಡವಬೇಕು. ಡೊಮಿಷಿಯನ್ ಕೊಟ್ಟದ್ದನ್ನೆಲ್ಲ ಟ್ರೇಜನ್ ಒಂದೊಂದಾಗಿ ಕಿತ್ತುಕೊಂಡ. ರೋಮ್‌ಗೆ ತನ್ನ ತಪ್ಪು ಎಲ್ಲಾಗಿತ್ತೆಂದು ಚೆನ್ನಾಗಿ ಗೊತ್ತಿತ್ತು.

ರಾಜನನ್ನು ಮಾತ್ರ ರಾಜನಾಗಿಯೇ ಬಿಟ್ಟರು.

## ಒಂದು ಸೇತುವೆ, ಒಂದು ಬಟ್ಟಲು ವಿಷ

ಶಾಂತಿಯನ್ನು ಇಬ್ಬರೂ ನಂಬಲಿಲ್ಲ. ಟ್ರೇಜನ್ 103ರಿಂದ 105ರ ಒಳಗೆ ಡ್ಯಾನ್ಯೂಬ್‌ಗೆ ಸೇತುವೆ ಕಟ್ಟಿಸಿದ. ಇಂಜಿನಿಯರ್ ಡಮಾಸ್ಕಸ್‌ನ ಅಪೊಲೊಡೋರಸ್. ಕಲ್ಲಿನ 20 ಕಂಬ, ಮೇಲೆ ಮರದ ಕಮಾನು, ಉದ್ದ ಒಂದು ಕಿಲೋಮೀಟರಿಗೂ ಜಾಸ್ತಿ. ರೊಮೇನಿಯಾದ ಡ್ರೊಬೆಟಾದಲ್ಲಿ ಇವತ್ತಿಗೂ ಅದರ ದಡದ ಕಂಬದ ಅವಶೇಷ ನಿಂತಿದೆ. ದೋಣಿ ಜೋಡಿಸಿ ನದಿ ದಾಟುವ ಸೇನೆ ಬರುತ್ತದೆ, ಹೋಗುತ್ತದೆ. ಕಲ್ಲಿನ ಕಂಬ ಹಾಕುವವನು ವಾಪಸ್ ಹೋಗುವ ಯೋಚನೆಯಲ್ಲಿ ಇರುವುದಿಲ್ಲ.

ಡೆಸೆಬಾಲಸ್ ಸುಮ್ನೆ ಕೂರಲಿಲ್ಲ. ಕೋಟೆ ಮತ್ತೆ ಕಟ್ಟಿಸಿದ, ಅಕ್ಕಪಕ್ಕದ ರಾಜರಿಗೆ ದೂತರನ್ನು ಕಳಿಸಿದ, ಓಡಿಬಂದವರನ್ನು ಮತ್ತೆ ಸೇರಿಸಿಕೊಂಡ. 105ರಲ್ಲಿ ಯುದ್ಧ ಮತ್ತೆ ಶುರುವಾಯಿತು. ಟ್ರೇಜನ್‌ನನ್ನು ಕೊಲ್ಲಲು ಅಂಥ ಓಡಿಬಂದ ಸೈನಿಕರನ್ನೇ ಕಳಿಸಿ ನೋಡಿದ. ಒಬ್ಬ ಸಿಕ್ಕಿಬಿದ್ದು ಎಲ್ಲ ಬಾಯಿಬಿಟ್ಟ.

ಆಮೇಲಿನದು ಲಾಂಜೈನಸ್ ಪ್ರಕರಣ. ಇವನು ರೋಮ್‌ನ ಅನುಭವಿ ಸೇನಾಪತಿ. ಮಾತುಕತೆಗೆಂದು ಕರೆಸಿ ಡೆಸೆಬಾಲಸ್ ಅವನನ್ನು ಸೆರೆಹಿಡಿದ. ಟ್ರೇಜನ್‌ನ ಯೋಜನೆ ಏನೆಂದು ಎಲ್ಲರೆದುರು ಕೇಳಿದ. ಲಾಂಜೈನಸ್ ಬಾಯಿಬಿಡಲಿಲ್ಲ. ಆಗ ಟ್ರೇಜನ್‌ಗೆ ಹೇಳಿಕಳಿಸಿದ: ಡ್ಯಾನ್ಯೂಬ್‌ವರೆಗಿನ ನೆಲ ಬಿಟ್ಟುಕೊಡು, ನನಗಾದ ಯುದ್ಧದ ಖರ್ಚು ಕೊಡು, ನಿನ್ನವನನ್ನು ಬಿಡುತ್ತೇನೆ. ಟ್ರೇಜನ್ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಲಾಂಜೈನಸ್ ತನಗೆ ತುಂಬಾ ಬೇಕಾದವನು ಎಂದು ತೋರಿಸಿದರೆ ಬೆಲೆ ಏರುತ್ತದೆ. ಬೇಡವೆಂದರೆ ಅವನ ಜೀವ ಹೋಗುತ್ತದೆ. ಎಳೆದಾಡುತ್ತಾ ಕೂತ.

ಗಂಟು ಬಿಡಿಸಿದವನು ಲಾಂಜೈನಸ್ಸೇ. ಬಿಡುಗಡೆಯಾದ ಗುಲಾಮನೊಬ್ಬ ಅವನ ಜೊತೆಗಿದ್ದ. ಅವನ ಮೂಲಕ ವಿಷ ತರಿಸಿಕೊಂಡ. ಟ್ರೇಜನ್ ರಾಜಿಗೆ ಒಪ್ಪುವ ಹಾಗೆ ನಾನೇ ಮಾಡುತ್ತೇನೆ ಎಂದು ಡೆಸೆಬಾಲಸ್‌ನನ್ನು ನಂಬಿಸಿ, ಮನವಿಪತ್ರ ಬರೆದು ಆ ಆಳಿನ ಕೈಯಲ್ಲೇ ಕಳಿಸಿದ. ಹಾಗೆ ಆಳನ್ನು ಸುರಕ್ಷಿತವಾಗಿ ದಾಟಿಸಿ, ರಾತ್ರಿ ವಿಷ ಕುಡಿದ. ಡೆಸೆಬಾಲಸ್ ಕೈಯಲ್ಲಿ ಉಳಿದದ್ದು ಹೆಣ. ಅದನ್ನೂ ಬಿಡದೆ ಚೌಕಾಸಿಗೆ ಇಳಿದ. ಆ ಆಳನ್ನು ವಾಪಸ್ ಕೊಡಿ, ಹೆಣದ ಜೊತೆ ಹತ್ತು ಸೆರೆಯಾಳುಗಳನ್ನು ಕೊಡುತ್ತೇನೆ ಎಂದ. ಟ್ರೇಜನ್ ಒಪ್ಪಲಿಲ್ಲ. ಇಡೀ ಕಥೆಯಲ್ಲಿ ಡೆಸೆಬಾಲಸ್‌ನ ಲೆಕ್ಕ ಪೂರ್ತಿ ತಲೆಕೆಳಗಾದದ್ದು ಇಲ್ಲೇ ಎನಿಸುತ್ತದೆ ನನಗೆ.

106ರಲ್ಲಿ ಸರ್ಮಿಜೆಗೆಟೂಸ ಬಿತ್ತು. ಡೆಸೆಬಾಲಸ್ ಬೆಟ್ಟಗಳ ಕಡೆಗೆ ತಪ್ಪಿಸಿಕೊಂಡ. ರೋಮನ್ ಕುದುರೆ ಸವಾರರು ಬೆನ್ನಟ್ಟಿದರು. ಇನ್ನೇನು ಸಿಕ್ಕಿಬೀಳಬೇಕು ಅನ್ನುವಾಗ ತಾನೇ ಜೀವ ಕಳೆದುಕೊಂಡ. ಹಾಗೇಕೆ? ಸೆರೆಸಿಕ್ಕ ರಾಜರನ್ನು ರೋಮ್ ಬೀದಿಗಳಲ್ಲಿ ಮೆರವಣಿಗೆ ಮಾಡುತ್ತಿದ್ದರು, ಎಷ್ಟೋ ಸಲ ಅದರ ಕೊನೆಗೆ ಕೊಲ್ಲುತ್ತಿದ್ದರು. ಆ ಮೆರವಣಿಗೆ ಅವನಿಗೆ ಬೇಡವಾಗಿತ್ತು. ಅವನ ತಲೆಯನ್ನಷ್ಟೇ ರೋಮ್‌ಗೆ ಒಯ್ದರು.

## ನದಿಯ ಕೆಳಗಿನ ಚಿನ್ನ

ಡೆಸೆಬಾಲಸ್ ಖಜಾನೆಯನ್ನು ಬಚ್ಚಿಟ್ಟ ರೀತಿಯನ್ನೂ ಡಿಯೋ ಬರೆದಿದ್ದಾನೆ. ಸೆರೆಯಾಳುಗಳಿಂದ ಸರ್ಗೆಟಿಯಾ ನದಿಯನ್ನು ಬೇರೆ ಕಡೆ ತಿರುಗಿಸಿ, ಪಾತ್ರದಲ್ಲಿ ಗುಂಡಿ ತೋಡಿಸಿ, ಚಿನ್ನ ಬೆಳ್ಳಿ ಹೂತು, ಕಲ್ಲು ಹೇರಿ, ನದಿಯನ್ನು ಮತ್ತೆ ಅದೇ ಪಾತ್ರಕ್ಕೆ ತಂದ. ಕೆಲಸ ಮಾಡಿದವರನ್ನು ಕೊಲ್ಲಿಸಿದ. ಆದರೆ ಗುಟ್ಟು ತಿಳಿದಿದ್ದ ಆಪ್ತ ಬಿಕಿಲಿಸ್ ಸೆರೆಸಿಕ್ಕು ಹೇಳಿಬಿಟ್ಟ.

ಸಿಕ್ಕ ಚಿನ್ನ ಎಷ್ಟು? ಹಳೆಯ ಬರಹಗಾರರು ಕೊಟ್ಟ ಅಂಕಿ ನಂಬಲಾಗದಷ್ಟು ದೊಡ್ಡದು. ಅದನ್ನು ಹತ್ತರಲ್ಲಿ ಒಂದಕ್ಕೆ ಇಳಿಸಿ ಸುಮಾರು 165 ಟನ್ ಚಿನ್ನ, 330 ಟನ್ ಬೆಳ್ಳಿ ಎಂದು ಲೆಕ್ಕ ಹಾಕಿದವರಿದ್ದಾರೆ. ಅಂಕಿ ಬಿಡಿ, ಖರ್ಚು ನೋಡಿದರೆ ಸಾಕು. ರೋಮ್‌ನಲ್ಲಿ 123 ದಿನ ಉತ್ಸವ ನಡೆಯಿತು. 11,000 ಪ್ರಾಣಿಗಳನ್ನು ಕೊಂದರು, 10,000 ಕತ್ತಿಮಲ್ಲರು ಕಾದಾಡಿದರು. ಟ್ರೇಜನ್‌ನ ಭಾರಿ ಚೌಕವೂ ಯುದ್ಧದ ಕೊಳ್ಳೆಯಿಂದಲೇ ಎದ್ದಿತು.

ಈ ಉತ್ಸವದ ಹೊತ್ತಿಗೆ ರೋಮ್‌ಗೆ ಬಂದಿದ್ದ ವಿದೇಶಿ ದೂತರಲ್ಲಿ ಭಾರತದವರೂ ಇದ್ದರು ಎಂದು ಡಿಯೋ ಬರೆಯುತ್ತಾನೆ. ಯಾವ ರಾಜನ ಕಡೆಯವರೆಂದು ಅವನು ಹೇಳುವುದಿಲ್ಲ. ರಾಜರುಗಳ ದೂತರಿಗೆ ಸೆನೆಟರುಗಳ ಸಾಲಿನಲ್ಲೇ ಆಸನ ಹಾಕಿಸಿದ್ದನಂತೆ ಟ್ರೇಜನ್. ರೋಮ್‌ಗೂ ನಮ್ಮ ನೆಲಕ್ಕೂ ವ್ಯಾಪಾರ ಅಷ್ಟರಲ್ಲಾಗಲೇ ಹಳೆಯದು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಟ್ರೇಜನ್‌ಗಿಂತ ಮೊದಲಿನ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯಗಳು ಸಿಕ್ಕಿವೆ.

ಡೇಸಿಯಾ ಪ್ರಾಂತ್ಯವಾಯಿತು. ಬೇರೆ ಬೇರೆ ಕಡೆಯಿಂದ ಜನರನ್ನು ತಂದು ನೆಲೆಗೊಳಿಸಿದರು. ಗಣಿ ಕೆಲಸ ಜೋರಾಯಿತು. ಇವತ್ತಿನ ರೋಷಿಯಾ ಮೊಂಟಾನಾದ ಹಳೆಯ ಗಣಿಗಳಲ್ಲಿ ಕೂಲಿ ಕರಾರು, ಸಾಲದ ಪತ್ರ ಬರೆದ ಮೇಣದ ಹಲಗೆಗಳು ಸಿಕ್ಕಿವೆ. 270ರ ದಶಕದಲ್ಲಿ ಚಕ್ರವರ್ತಿ ಅರೇಲಿಯನ್ ಸೇನೆಯನ್ನು ವಾಪಸ್ ಕರೆಸಿಕೊಂಡ. ಎರಡು ದಶಕ ಕಾದಾಡಿ ಗೆದ್ದದ್ದು ಉಳಿದದ್ದು ಸುಮಾರು 165 ವರ್ಷ.

## ಇದೆಲ್ಲ ಗೊತ್ತಾದದ್ದು ಹೇಗೆ?

ಡೇಸಿಯನ್ನರು ತಮ್ಮ ಕಥೆ ಬರೆದಿಡಲಿಲ್ಲ. ರಾಜಧಾನಿಯಲ್ಲಿ ಸಿಕ್ಕ ಒಂದು ದೊಡ್ಡ ಮಡಕೆಯ ಮೇಲೆ 'ಡೆಸೆಬಾಲಸ್' ಎಂದು ಮುದ್ರೆ ಒತ್ತಿದೆ. ಅದೂ ಲ್ಯಾಟಿನ್ ಅಕ್ಷರದಲ್ಲಿ. ಟ್ರೇಜನ್ ಈ ಯುದ್ಧದ ಬಗ್ಗೆ ತಾನೇ ಪುಸ್ತಕ ಬರೆದಿದ್ದ. ಅದರಲ್ಲಿ ಉಳಿದಿರುವುದು ಒಂದೇ ವಾಕ್ಯ: ಅಲ್ಲಿಂದ ಬೆರ್ಜೋಬಿಸ್‌ಗೆ, ಆಮೇಲೆ ಐಜಿಸ್‌ಗೆ ನಡೆದೆವು. ಅದು ಉಳಿದದ್ದೂ ಯಾರೋ ವ್ಯಾಕರಣದ ಮೇಷ್ಟ್ರು ಉದಾಹರಣೆಗೆಂದು ಬಳಸಿಕೊಂಡದ್ದರಿಂದ. ಡಿಯೋ ಬರೆದ ಈ ಭಾಗವೂ ಮೂಲರೂಪದಲ್ಲಿ ಉಳಿದಿಲ್ಲ. 11ನೇ ಶತಮಾನದ ಸನ್ಯಾಸಿಯೊಬ್ಬ ಮಾಡಿದ ಸಾರಾಂಶದಲ್ಲಿ ಇದೆ.

ಉಳಿದ ದೊಡ್ಡ ಸಾಕ್ಷಿ ಕಲ್ಲಿನದು. 113ರಲ್ಲಿ ರೋಮ್‌ನಲ್ಲಿ ನಿಲ್ಲಿಸಿದ ಟ್ರೇಜನ್ ಸ್ತಂಭ. ಪೀಠ ಸೇರಿ ಸುಮಾರು 38 ಮೀಟರ್ ಎತ್ತರ. ಬಳ್ಳಿ ಸುತ್ತಿದ ಹಾಗೆ ಬುಡದಿಂದ ತುದಿಯವರೆಗೆ ಯುದ್ಧದ ಕೆತ್ತನೆ, 155 ದೃಶ್ಯ, ಸುಮಾರು 2,600 ಆಕೃತಿ. ಟ್ರೇಜನ್ ಹೆಜ್ಜೆಹೆಜ್ಜೆಗೂ ಸಿಗುತ್ತಾನೆ. ತಮಾಷೆಯೆಂದರೆ ಅದರಲ್ಲಿ ಸೈನಿಕರು ಕಾದಾಡುವುದಕ್ಕಿಂತ ಮರ ಕಡಿಯುವುದು, ಗೋಡೆ ಕಟ್ಟುವುದೇ ಜಾಸ್ತಿ. ಒಂದು ಕಡೆ ಡೇಸಿಯನ್ನರು ದೊಡ್ಡ ಪಾತ್ರೆಯಿಂದ ಏನನ್ನೋ ಹಂಚಿಕೊಂಡು ಕುಡಿಯುತ್ತಿದ್ದಾರೆ. ವಿಷ ಎನ್ನುವವರಿದ್ದಾರೆ, ಕೊನೆಯ ಗುಟುಕು ನೀರು ಎನ್ನುವವರೂ ಇದ್ದಾರೆ. ತುದಿಯ ಹತ್ತಿರ ಮರದ ಬುಡದಲ್ಲಿ ಡೆಸೆಬಾಲಸ್ ಬಾಗಿದ ಚೂರಿಯನ್ನು ಕುತ್ತಿಗೆಗೆ ಹಿಡಿದಿದ್ದಾನೆ. ಕುದುರೆ ಸವಾರನೊಬ್ಬ ಅವನತ್ತ ಕೈ ಚಾಚಿದ್ದಾನೆ.

ಆ ಸವಾರನ ಹೆಸರು 1965ರಲ್ಲಿ ಗೊತ್ತಾಯಿತು. ಗ್ರೀಸ್‌ನ ಫಿಲಿಪ್ಪಿ ಬಳಿ ಸಿಕ್ಕ ಸಮಾಧಿಗಲ್ಲಿನ ಮೇಲೆ ಅದೇ ದೃಶ್ಯವಿತ್ತು. ಟೈಬೀರಿಯಸ್ ಕ್ಲಾಡಿಯಸ್ ಮ್ಯಾಕ್ಸಿಮಸ್. ಡೆಸೆಬಾಲಸ್‌ನನ್ನು ಹಿಡಿದವನು ನಾನು, ತಲೆಯನ್ನು ಟ್ರೇಜನ್‌ಗೆ ಒಪ್ಪಿಸಿದವನು ನಾನು ಎಂದು ಕೆತ್ತಿಸಿಕೊಂಡಿದ್ದಾನೆ. ಡೊಮಿಷಿಯನ್ ಕಾಲದ ಡೇಸಿಯಾ ಯುದ್ಧದಲ್ಲೂ ಬಹುಮಾನ ಪಡೆದಿದ್ದವನು ಇವನು. ಅಂದರೆ ಒಬ್ಬ ಸೈನಿಕನ ನೌಕರಿಯ ದೊಡ್ಡ ಭಾಗ ಈ ಒಬ್ಬ ರಾಜನ ವಿರುದ್ಧದ ಯುದ್ಧಗಳಲ್ಲೇ ಕಳೆದಿತ್ತು.

## ಇವತ್ತಿನ ರೊಮೇನಿಯಾದಲ್ಲಿ

ರೊಮೇನಿಯನ್ ಭಾಷೆ ಲ್ಯಾಟಿನ್‌ನಿಂದ ಬಂದದ್ದು. ದೇಶದ ಹೆಸರಿನಲ್ಲೇ ರೋಮ್ ಇದೆ. ರಾಷ್ಟ್ರಗೀತೆಯಲ್ಲಿ ಟ್ರೇಜನ್ ಹೆಸರು ಬರುತ್ತದೆ. ಅದೇ ದೇಶದಲ್ಲಿ ಗಂಡುಮಕ್ಕಳಿಗೆ ಟ್ರಯಾನ್ ಎಂದೂ ಹೆಸರಿಡುತ್ತಾರೆ, ಡೆಚೆಬಾಲ್ ಎಂದೂ ಇಡುತ್ತಾರೆ. ಗೆದ್ದವನೂ ಅಜ್ಜ, ಸೋತವನೂ ಅಜ್ಜ.

ಒರ್ಶೋವ ಊರಿನ ಹತ್ತಿರ ಡ್ಯಾನ್ಯೂಬ್ ಕಡಿದಾದ ಕಂದರದಲ್ಲಿ ಹರಿಯುತ್ತದೆ. ರೊಮೇನಿಯಾ ಕಡೆಯ ಬಂಡೆಯಲ್ಲಿ ಡೆಸೆಬಾಲಸ್‌ನ ಮುಖ ಕೆತ್ತಿದ್ದಾರೆ. 40 ಮೀಟರಿಗೂ ಎತ್ತರ. 1994ರಲ್ಲಿ ಶುರುವಾಗಿ 2004ರಲ್ಲಿ ಮುಗಿದ ಕೆಲಸ. ಕೆಳಗಿನ ಬರಹ ಲ್ಯಾಟಿನ್‌ನಲ್ಲಿದೆ. ಎದುರು ದಡ ಸರ್ಬಿಯಾ. ಅಲ್ಲಿನ ಬಂಡೆಯಲ್ಲಿ, ಟ್ರೇಜನ್ ತನ್ನ ಸೇನೆಗೆಂದು ಕಂದರದ ಗೋಡೆ ಕಡಿದು ದಾರಿ ಮಾಡಿಸಿದ್ದರ ನೆನಪಿನ ಕಲ್ಬರಹವಿದೆ. ಕಳೆದ ಶತಮಾನದಲ್ಲಿ ಅಣೆಕಟ್ಟು ಕಟ್ಟಿ ನೀರು ಏರಿದಾಗ ದಾರಿ ಮುಳುಗಿತು. ಬರಹವಿದ್ದ ಬಂಡೆಯನ್ನು ಕತ್ತರಿಸಿ ಮೇಲಕ್ಕೆ ತಂದು ಕೂರಿಸಿದ್ದಾರೆ. ದೋಣಿಯಲ್ಲಿ ಹೋಗುವವರು ಒಂದೇ ಸವಾರಿಯಲ್ಲಿ ಎರಡನ್ನೂ ನೋಡಿ ಬರುತ್ತಾರೆ.